ಖಾರ್ ಅಂದರೆ ಉಪ್ಪು

ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಹೊಸದರಲ್ಲಿ ಯಾರೋ ‘ಪಾಣಿ ಖಾರಂ ಆಹೆ’ ಅಂದಾಗ, ನೀರೂ ಖಾರವಾಗುತ್ತದೆಯೇ ಎಂದು ಕಕ್ಕಾಬಿಕ್ಕಿಯಾಗಿದ್ದೆ. ನಮಗೆ ಖಾರ ಮೆಣಸಿನಕಾಯಿಯ ಗುಣ, ಇಲ್ಲಿಯವರಿಗೆ ಉಪ್ಪು. ಎರಡೂ ಕ್ಷಾರದ ಮಕ್ಕಳೇ. ಅಂದಿನಿಂದ ಖಾರೆಗಾಂವ್, ಖಾರ್‌ಘರ್ ಎಂಬ ಬೋರ್ಡು ಕಂಡರೂ ನಾಲಿಗೆ ಉಪ್ಪುಪ್ಪು.

ಮೇ ತಿಂಗಳಲ್ಲಿ ಮುಂಬಯಿ ಕಡೆಯ ಸ್ಲೋ ಲೋಕಲ್‌ನಲ್ಲಿ ಬಲಬದಿಯ ಕಿಟಕಿ ಸಿಕ್ಕರೆ (ಪುಣ್ಯ ಮಾಡಿರಬೇಕು) ಕೋಪರ್ ದಾಟಿದ ಮೇಲೆ ಹೊರಗೆ ನೋಡಿ. ಕಾಂಡ್ಲಾ ಗಿಡಗಳ ಹಸಿರು ಗೋಡೆ, ನಡುನಡುವೆ ಬಟಾಬಯಲು. ಬಾಯಿಬಿಟ್ಟ ಬೂದುಮಣ್ಣಿನ ಮೇಲೆ ತೆಳ್ಳನೆಯ ಬಿಳಿ ಪೊರೆ. ಎದುರು ನಿಂತವನ ಅಂಗಿಯ ಬೆನ್ನ ಮೇಲೂ ಬೆವರು ಆರಿ ಅಂಥದೇ ಬಿಳಿ ಗೆರೆ! ಎರಡೂ ಒಂದೇ ಲೆಕ್ಕ: ಖಾಡಿಯ (ಕಡಲ ಹಿನ್ನೀರಿನ) ಉಬ್ಬರದ ನೀರು ಮಣ್ಣಿಗಿಳಿಯುತ್ತದೆ, ಬೇಸಿಗೆಯಲ್ಲಿ ಬತ್ತಿಗೆ ಎಣ್ಣೆ ಏರಿದಂತೆ ಮೇಲೇರುತ್ತದೆ, ನೀರು ಆರಿಹೋಗಿ ಉಪ್ಪು ಕೂರುತ್ತದೆ. ಅಂಥ ಮಣ್ಣಿನಲ್ಲಿ ಪೈರು ನೀರಲ್ಲಿ ನಿಂತೂ ಬಾಯಾರುತ್ತದೆ. ಎಲೆಯ ತುದಿ ಸುಟ್ಟು, ತೆನೆ ಜೊಳ್ಳು.

ಇಲ್ಲಿಯ ಮೂಲನಿವಾಸಿಗಳಾದ ಆಗ್ರಿಗಳ ಹೆಸರಲ್ಲೇ ಆಗರ, ಅಂದರೆ ಉಪ್ಪಿನ ಗದ್ದೆ, ಇದೆ. ಉಪ್ಪು ಬೆಳೆದ ಆ ಕೈಗಳೇ ಉಪ್ಪನ್ನು ಹೊರಗಿಟ್ಟು ಭತ್ತವನ್ನೂ ಬೆಳೆದವು. ಖಾಡಿಗೆ ಅಡ್ಡವಾಗಿ ಮಣ್ಣಿನ ಬಾಂಧ್, ಅದಕ್ಕೊಂದು ತೂಬು. ಇಳಿತದಲ್ಲಿ ಮಳೆನೀರು ಹೊರಗೆ, ಉಬ್ಬರದಲ್ಲಿ ಬಾಗಿಲು ಬಂದ್. ಜೂನ್ ಮಳೆ ಅಗಸನಂತೆ ಮಣ್ಣಿನ ಉಪ್ಪು ಒಗೆದ ಮೇಲಷ್ಟೇ ನಾಟಿ. ವರ್ಷಕ್ಕೆ ಅದೊಂದೇ ಬೆಳೆ. ಉಪ್ಪು ತಡೆಯುವ ರಾತಾ ಭತ್ತ ಇಲ್ಲಿಯದು. ಕುಮಟಾ ಕಡೆಯವರಿಗೆ ವಿವರಿಸಬೇಕಿಲ್ಲ, ಅಘನಾಶಿನಿಯ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ ದಾಯಾದಿ ಅದು. ಪನವೇಲಿನ ಖಾರಭೂಮಿ ಸಂಶೋಧನಾ ಕೇಂದ್ರ ಪನ್ವೇಲ್-1, 2, 3 ಎಂಬ ತಳಿಗಳನ್ನೂ ಕೊಟ್ಟಿತು. ಖಾರ್ ಜಮೀನಿಗೆಂದೇ 1948ರಲ್ಲಿ ಒಂದು ಕಾನೂನು, 1979ರಲ್ಲಿ ಮತ್ತೊಂದು ಬಂತು.

ಆದರೆ ಬಾಂಧ್ ಕಾನೂನಿನಿಂದ ನಿಲ್ಲುವುದಿಲ್ಲ, ಮಳೆಗೆ ಮುಂಚೆ ಊರವರೆಲ್ಲ ಮೆತ್ತಿದ ಮಣ್ಣಿನಿಂದ ನಿಲ್ಲುತ್ತದೆ. 1970ರಲ್ಲಿ ಹೊಸ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. ಠಾಣೆ, ರಾಯಗಡದ 95 ಹಳ್ಳಿಗಳ ನೆಲದ ಮೇಲೆ ನವಿ ಮುಂಬಯಿ ಎದ್ದಿತು. ಇತ್ತ ಕಲ್ಯಾಣ, ದಿವಾ ಕಡೆ ಗದ್ದೆಗಳು ಪ್ಲಾಟಾದವು. ನಾಲ್ವರು ಮಾರಿ ಹೋದರೆ ಐದನೆಯವನೊಬ್ಬನೇ ಎಷ್ಟು ಮೆತ್ತಿಯಾನು? ಏಡಿ ತೋಡಿದ ಒಂದು ಬಿಲ ಸಾಕು, ಹುಣ್ಣಿಮೆಯ ಉಬ್ಬರ ಮಿಕ್ಕ ಕೆಲಸ ಮಾಡುತ್ತದೆ. ಖಾಡಿಯ ಮರಳು ಬಗೆಯುವವರು ದಂಡೆಯ ಬುಡವನ್ನೂ ಸಡಿಲಿಸಿದ್ದಾರೆ.

ಉಪ್ಪಾದ ಗದ್ದೆಗೆ ಕಾಂಡ್ಲಾ ತಾನಾಗಿ ಬರುತ್ತದೆ. ಮರಾಠಿಯಲ್ಲಿ ಅದೂ ಖಾರಫುಟಿ! 2005ರ ಹೈಕೋರ್ಟ್ ಆದೇಶದ ಮೇಲೆ ಅದನ್ನು ಕಡಿಯುವಂತಿಲ್ಲ. ಕಡಿಯಲೂಬಾರದು ಅನ್ನಿ, ಪ್ರವಾಹಕ್ಕೆ ಅದೇ ತಡೆಗೋಡೆ. ಆದರೆ ಗದ್ದೆ ಹೋದದ್ದು ಹೋಯಿತು. ಬಾಂಧ್ ಒಡೆಯಲು ಒಂದು ರಾತ್ರಿ ಸಾಕು. ಮತ್ತೆ ಕಟ್ಟಿದ ಮೇಲೂ ಮಣ್ಣು ಸಿಹಿಯಾಗಲು ಹಲವು ಮಳೆಗಾಲ ಬೇಕು.