ರಜೆಯ ಮನೆಯ ಸರದಿ: ಲಾಭವೋ, ನಷ್ಟವೋ?

ಚಾರ್ಮಾಡಿ ಘಟ್ಟದ ಕೆಳಗಿನ ಸೀಮೆಯಲ್ಲಿ ತೊರೆಗೆ ಕಟ್ಟವನ್ನು ಕಟ್ಟಿ, ನಿಂತ ನೀರನ್ನು ನಾಲ್ಕಾರು ತೋಟದವರು ಸರದಿಯ ಮೇರೆಗೆ ಹಂಚಿಕೊಳ್ಳುವ ರೂಢಿ ಹಳೆಯದು. ಕಟ್ಟ ಒಂದೇ, ಪಾಲಾಗುವುದು ಕಾಲ. ಇದೇ ತತ್ತ್ವವನ್ನು ವಿಹಾರಸ್ಥಳದ ಮನೆಗೆ ಅನ್ವಯಿಸಿದರೆ ಅದು ‘ಟೈಮ್‌ಷೇರ್’ ಎನಿಸುತ್ತದೆ. ವರ್ಷದಲ್ಲಿ 52 ವಾರಗಳಷ್ಟೆ. ವಾರಕ್ಕೊಂದು ಕುಟುಂಬದಂತೆ ಒಂದೇ ಮನೆಯನ್ನು ಅನೇಕರು ಅನುಭವಿಸಬಹುದು.

ಸ್ವಿಟ್ಜರ್ಲೆಂಡಿನಲ್ಲಿ 1963ರಲ್ಲಿ ಹಾಪಿಮಾಗ್ ಎಂಬ ಸಂಸ್ಥೆ ಈ ಬಗೆಯ ಹಂಚಿಕೆಯನ್ನು ಆರಂಭಿಸಿತು. ಒಂದೂರಿನ ವಾರವನ್ನು ಇನ್ನೊಂದೂರಿನ ವಾರದೊಡನೆ ಬದಲಾಯಿಸಿಕೊಳ್ಳುವ ಏರ್ಪಾಡು 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರ ಹಾಲಿಡೇಸ್ ಸಂಸ್ಥೆಗಳು ಸ್ಥಾಪಿತವಾದುವು. ವರ್ಷಕ್ಕೆ 7 ದಿನದಂತೆ 25 ವರ್ಷಗಳ ಸದಸ್ಯತ್ವವೆಂಬುದು ಇಲ್ಲಿ ಬಹು ಪರಿಚಿತವಾದ ಮಾದರಿ.

ಮುಂಡಾಜೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ಮಾರಿ ಬಂದ 5 ಲಕ್ಷ ರೂಪಾಯಿ ಕೈಯಲ್ಲಿದೆ. ಮಗಳು ಇನ್ನೆರಡು ವರ್ಷಕ್ಕೆ ಕಾಲೇಜು ಸೇರುವವಳು. ಆಗ ಮಾರಾಟಗಾರನೊಬ್ಬ ಬಂದು, “5 ಲಕ್ಷ ಕೊಡಿ; 25 ವರ್ಷ, ವರ್ಷಕ್ಕೆ 7 ದಿನ. ಒಟ್ಟು 175 ದಿನಗಳಿಗೆ ದಿನವೊಂದಕ್ಕೆ 2,857 ರೂಪಾಯಿ ಮಾತ್ರ!” ಎನ್ನುತ್ತಾನೆ. ಭಾಗಾಕಾರವೇನೋ ಸರಿಯೇ. ಬಿಟ್ಟುಹೋದ ಅಂಶಗಳು ಎರಡು.

ಮೊದಲನೆಯದು ವಾರ್ಷಿಕ ನಿರ್ವಹಣಾ ಶುಲ್ಕ. ಸಾಮಾನ್ಯವಾಗಿ, ಹೋಗಲಿ ಬಿಡಲಿ, ಇದನ್ನು ತೆರಬೇಕು. ನಮ್ಮ ಲೆಕ್ಕಕ್ಕೆ ಅದನ್ನು 20,000 ರೂ. ಎಂದಿಟ್ಟುಕೊಳ್ಳೋಣ. ಎರಡನೆಯದು, ಮೊದಲೇ ಕೊಟ್ಟ ಹಣದ ಬಡ್ಡಿ. ಇಂದಿನ ರೂಪಾಯಿಯೂ 25 ವರ್ಷಗಳ ಅನಂತರದ ರೂಪಾಯಿಯೂ ಒಂದೇ ಅಲ್ಲವೆಂಬುದನ್ನು ಸಾಲ ಮಾಡಿದವರಿಗೆ ವಿವರಿಸಬೇಕಾದುದಿಲ್ಲ. ಶೇಕಡ 7ರ ಬಡ್ಡಿಗೆ ಇಟ್ಟ 5 ಲಕ್ಷದಿಂದ, 25 ವರ್ಷಗಳ ಕೊನೆಗೆ ಅಸಲು ಸಹ ತೀರುವಂತೆ, ವರ್ಷಂಪ್ರತಿ ಸುಮಾರು 42,900 ರೂ. ತೆಗೆಯಬಹುದು. ಶುಲ್ಕ ಸೇರಿದರೆ 62,900. ದಿನಕ್ಕೆ ಸುಮಾರು 9,000 ರೂಪಾಯಿ!

ಮಾರಾಟಗಾರನಿಗೂ ಇಲ್ಲೊಂದು ಉತ್ತರವುಂಟು. “ಹೋಟೆಲಿನ ಬಾಡಿಗೆ ಏರುತ್ತ ಹೋಗುತ್ತದೆ, ನೀವು ಇಂದಿನ ಬೆಲೆಯನ್ನೇ ಕಟ್ಟಿಹಾಕಿದಂತಾಯಿತು.” ಈ ಮಾತನ್ನು ನಾವು ತಳ್ಳಿಹಾಕುವಂತಿಲ್ಲ. ಬಾಡಿಗೆ ವರ್ಷಕ್ಕೆ ಶೇಕಡ 5ರಂತೆ ಏರಿದರೆ, ಹಣದ ನಿಜವಾದ ವೃದ್ಧಿ ಶೇಕಡ 2ಕ್ಕೂ ತುಸು ಕಡಮೆಯಾಗಿ, ಆ 5 ಲಕ್ಷವು ಇಂದಿನ ಬೆಲೆಯಲ್ಲಿ ವರ್ಷಕ್ಕೆ ಸುಮಾರು 25,300 ರೂ.ಗೆ ಸಮನಾಗುತ್ತದೆ. ಆದರೆ ಶುಲ್ಕವೂ ಏರತಕ್ಕದ್ದೇ. ಈ ಮಾತನ್ನು ಮಾರಾಟಗಾರ ಅಷ್ಟು ಗಟ್ಟಿಯಾಗಿ ಆಡುವುದಿಲ್ಲ. ಅದೂ ಶೇಕಡ 5ರಂತೆ ಏರಿದರೆ ಒಟ್ಟು 45,300. ದಿನವೊಂದಕ್ಕೆ ಇಂದಿನ ಬೆಲೆಯಲ್ಲಿ ಸುಮಾರು 6,500 ರೂಪಾಯಿ. ಊಟ, ಪ್ರಯಾಣಗಳು ಇದಕ್ಕೆ ಸೇರಿಲ್ಲ.

ಈ ದೃಷ್ಟಿಯಿಂದ ಇದನ್ನು ದಕ್ಷಿಣ ಕನ್ನಡದ ಹಿಂದಿನ ಮೂಲಗೇಣಿಗೆ ಹೋಲಿಸಲಾಗದು. ಮೂಲಗೇಣಿಯಲ್ಲಿ ಹಕ್ಕು ಶಾಶ್ವತ, ಗೇಣಿ ಸ್ಥಿರ. ಇಲ್ಲಿಯಾದರೋ ಹಕ್ಕಿಗೆ ಕೊನೆಯುಂಟು, ಗೇಣಿ ಸ್ಥಿರವಲ್ಲ.

ಮುಂಡಾಜೆಯವರಿಗೆ ಋತುವಿನ ಪ್ರಶ್ನೆಯೂ ಇದೆ. ಇಂಥ ಯೋಜನೆಗಳಲ್ಲಿ ಋತುಗಳನ್ನು ಬಣ್ಣಗಳಿಂದ ಗುರುತಿಸಿ, ಬೇಡಿಕೆಯ ಕಾಲಕ್ಕೆ ಹೆಚ್ಚು ಬೆಲೆಯನ್ನೂ ಬೇಡಿಕೆಯಿಲ್ಲದ ಕಾಲಕ್ಕೆ ಕಡಮೆ ಬೆಲೆಯನ್ನೂ ನಿಗದಿಮಾಡುವುದುಂಟು. ನಮ್ಮ ಬೆಟ್ಟದೂರುಗಳಲ್ಲಿ ಅಗ್ಗದ ಕಾಲವೆಂದರೆ ಹೆಚ್ಚಾಗಿ ಮಳೆಗಾಲ. ಅಡಿಕೆ ಬೆಳೆಗಾರನಿಗೆ ಅದು ಕೊಳೆರೋಗದ ಭಯದಿಂದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕಾಲ. ಮಕ್ಕಳಿಗೆ ಶಾಲೆಯ ಕಾಲ. ದಾರಿಗಳಿಗೆ ಕುಸಿತದ ಕಾಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ರಸ್ತೆಯೇ ಗುಡ್ಡ ಜರಿದು ಮುಚ್ಚಿಹೋಗಿತ್ತು. ಚಳಿಗಾಲಕ್ಕೆ ಕೊಯ್ಲು ಬರುತ್ತದೆ. ಉಳಿದ ಏಪ್ರಿಲ್, ಮೇ ತಿಂಗಳುಗಳನ್ನು ಎಲ್ಲ ಸದಸ್ಯರೂ ಕೇಳುವವರೇ. ಏಳು ದಿನಗಳಲ್ಲಿ ನಾಲ್ಕೇ ಒದಗಿದುವೆನ್ನಿ. ಅದೇ 45,300ನ್ನು ನಾಲ್ಕರಿಂದ ಭಾಗಿಸಿದರೆ ದಿನಕ್ಕೆ 11,300ಕ್ಕೂ ಮಿಗಿಲಾಯಿತು. ಬಳಸದ ದಿನಗಳನ್ನು ಮುಂದಿನ ವರ್ಷಕ್ಕೆ ಒಯ್ಯಲು ಕೆಲವೆಡೆ ಅವಕಾಶವಿದೆ. ಆದರೆ ಬಿಡುವಿಲ್ಲದವನಿಗೆ ಮುಂದಿನ ವರ್ಷವೂ ಬಿಡುವಿಲ್ಲ.

ಹಾಗಾದರೆ ಯಾರಿಗೂ ಲಾಭವಿಲ್ಲವೆ? ಉಂಟು. ಸದಸ್ಯತ್ವವಿಲ್ಲದಿದ್ದರೂ ಪ್ರತಿವರ್ಷ ಒಂದು ವಾರ, 6,500ಕ್ಕಿಂತ ದುಬಾರಿಯಾದ ಕೋಣೆಯಲ್ಲಿ ತಪ್ಪದೆ ತಂಗುವವರಿಗೆ ಉಳಿತಾಯವಾದೀತು. ಅವರು ತಿಂಗಳುಗಳ ಮುಂಚೆಯೇ ಸ್ಥಳ ಕಾದಿರಿಸಬಲ್ಲವರಾಗಿರಬೇಕು. ಎರಡು ವರ್ಷಕ್ಕೊಮ್ಮೆ ಮಡಿಕೇರಿಗೆ ಹೋಗಿ, 3,000 ರೂಪಾಯಿಯ ಕೋಣೆಯಲ್ಲಿ ಎರಡು ರಾತ್ರಿ ಕಳೆದು ಮರಳುವ ಮನೆಯವರಿಗೆ ಇದು ಉಳಿತಾಯವಲ್ಲ, ಹೊಸದೊಂದು ಖರ್ಚು.

ಐರೋಪ್ಯ ಒಕ್ಕೂಟದಲ್ಲಿ 2008ರ ನಿರ್ದೇಶದಂತೆ ಕೊಂಡವರು 14 ದಿನಗಳೊಳಗೆ ಕಾರಣ ಹೇಳದೆಯೇ ಕರಾರಿನಿಂದ ಹಿಂದೆ ಸರಿಯಬಹುದು. ಇಲ್ಲಿ ಕೊಳ್ಳುವವರು ಅಂಥ ಅವಧಿ ಎಷ್ಟೆಂಬುದನ್ನೂ, ಶುಲ್ಕ ಏರುವ ಕ್ರಮವನ್ನೂ, ನಡುವೆ ಬಿಟ್ಟರೆ ಮರಳುವ ಮೊತ್ತವನ್ನೂ ಕರಾರುಪತ್ರದಲ್ಲೇ ಹುಡುಕಿ ಓದಬೇಕು. ಮಾರಾಟಗಾರನು ಬಾಯಿಮಾತಿನಲ್ಲಿ ಒಪ್ಪಿದ್ದು ಆ ಪತ್ರದಲ್ಲಿಲ್ಲದಿದ್ದರೆ, ಸಹಿ ಹಾಕುವ ಮೊದಲು ಅದನ್ನು ಬರೆದುಕೊಡುವಂತೆ ಕೇಳತಕ್ಕದ್ದು.