ಅಮ್ಮನನ್ನು ಮಾಲ್‌ಗಲ್ಲ, ಕಲಾಕ್ಷೇತ್ರಕ್ಕೆ ಕರ್ಕೊಂಡು ಹೋಗಿ

ಊರಿಂದ ಅಪ್ಪ ಅಮ್ಮ ಬಂದ್ರೆ ಬೆಂಗಳೂರಲ್ಲಿರೋ ನಾವು ಮಾಡೋದು ಒಂದೇ. ಶನಿವಾರ ಮಾಲ್, ಭಾನುವಾರ ಮಲ್ಟಿಪ್ಲೆಕ್ಸ್. ಪಾಪ, ಅವರು ಎಸ್ಕಲೇಟರ್ ಮುಂದೆ ಹೆದರಿ ನಿಂತಿರ್ತಾರೆ. ಈ ಸಲ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಕರ್ಕೊಂಡು ಹೋಗಿ ನೋಡಿ.

ಠಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಈ ರಂಗಮಂದಿರ ಉದ್ಘಾಟನೆಯಾದದ್ದು 1963ರಲ್ಲಿ. 1972ರಲ್ಲಿ ಬಿ.ವಿ. ಕಾರಂತರು ಇದರ ಹಿಂದಿನ ಬಯಲಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಆಡಿಸಿದರು. ಕನ್ನಡ ರಂಗಭೂಮಿಯವರು ಇವತ್ತಿಗೂ ಆ ನಾಟಕಗಳ ಮಾತಾಡುತ್ತಾರೆ. ಈಗ ಅಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ.

ನಮ್ಮ ಬೀಜಾಡಿ, ಕೋಟೇಶ್ವರ ಕಡೆಯವರಿಗೆ ಕಲಾಕ್ಷೇತ್ರ ಅಂದ್ರೆ ಮಳೆಗಾಲದ ಆಟ. ಮಳೆ ಶುರುವಾಗುವ ಹೊತ್ತಿಗೆ ಮೇಳಗಳ ತಿರುಗಾಟ ಮುಗಿದಿರುತ್ತದೆ. ಆಗ ಬಡಗುತಿಟ್ಟಿನ ಕಲಾವಿದರು ಬೆಂಗಳೂರಿಗೆ ಬರ್ತಾರೆ. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಚೆಂಡೆ ಶುರುವಾದರೆ ಬೆಳಗಿನವರೆಗೂ ಆಟ.

ಅಮ್ಮ ನಮ್ಮ ಫ್ಲ್ಯಾಟಿಗೆ ಬಂದು ತಿಂಗಳಾಗಿತ್ತು. ನಾನು ಆಫೀಸಿಗೆ ಹೋದರೆ ಅವರಿಗೆ ಮಾತಾಡಲು ಜನ ಇಲ್ಲ. ಲಿಫ್ಟಲ್ಲಿ ಸಿಕ್ಕವರಿಗೆ ಕುಂದಾಪ್ರ ಕನ್ನಡ ಅರ್ಥವಾಗದೆ ನಕ್ಕುಬಿಡ್ತಾರೆ. ಹಾಗಾಗಿ ಅಮ್ಮ ಮಾತೇ ಕಡಿಮೆ ಮಾಡಿದ್ದರು. ಅವತ್ತು ಕಲಾಕ್ಷೇತ್ರದ ಮೆಟ್ಟಿಲು ಹತ್ತುವಾಗಲೇ ಪಕ್ಕದಿಂದ ಯಾರೋ, “ಹ್ವಾಯ್, ಊರಂಗ್ ಮಳಿ ಹ್ಯಾಂಗಿತ್ತ್?” ಅಂದರು. ಅಷ್ಟೇ ಸಾಕಾಯ್ತು. ಹೋಟೆಲ್ ಇಟ್ಟವರು, ಬೇಕರಿಯವರು, ನನ್ನ ಹಾಗೆ ಲ್ಯಾಪ್‌ಟಾಪ್ ಬ್ಯಾಗಿನವರು, ಎಲ್ಲರದ್ದೂ ಒಂದೇ ಭಾಷೆ. ಅಮ್ಮ ಅರ್ಧ ಗಂಟೆಯಲ್ಲಿ ನಾಲ್ಕು ಮನೆಯ ಸಂಬಂಧ ಹುಡುಕಿದರು.

ಗದ್ದೆಯ ರಂಗಸ್ಥಳಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಊರಲ್ಲಿ ಮೂರು ಬದಿಯಿಂದ ನೋಡಬಹುದು, ಚೌಕಿಗೆ ಇಣುಕಬಹುದು, ನಿದ್ದೆ ಬಂದರೆ ಚಾಪೆ ಹಾಸಬಹುದು. ಇಲ್ಲಿ ಎದುರಿಂದ ಮಾತ್ರ, ಅದೂ ಕುರ್ಚಿಯಲ್ಲಿ. ಆದರೆ ಭಾಗವತರ ಪದಕ್ಕೆ ಮುಂಡಾಸಿನ ವೇಷ ಪ್ರವೇಶ ಮಾಡಿದಾಗ ಬೀಳುವ ಸಿಳ್ಳೆ ಮಾತ್ರ ಅದೇ. ನಡುರಾತ್ರಿ ಹಾಸ್ಯದ ಹೊತ್ತಿಗೆ ಅಮ್ಮ ಬಹಳ ದಿನದ ಮೇಲೆ ಜೋರಾಗಿ ನಕ್ಕರು. “ಇದ್ ಬೆಂಗ್ಳೂರ್ ಅಂದೇಳಿ ಅನ್ಸುದೇ ಇಲ್ಲೆ ಮಗಾ” ಅಂದರು.

ಈಗ ಎರಡೂವರೆ, ಮೂರು ಗಂಟೆಯ ಕಾಲಮಿತಿ ಆಟಗಳೇ ಹೆಚ್ಚುತ್ತಿವೆ. ಮರುದಿನ ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲ, ತಪ್ಪೆನ್ನಲಾರೆ. ಆದರೆ ಇಡೀ ರಾತ್ರಿಯ ಆಟ ಉಳಿಯಬೇಕಾದರೆ ನಮ್ಮ ವಯಸ್ಸಿನವರೂ ಟಿಕೆಟ್ ತೆಗೆದುಕೊಂಡು ಕೂರಬೇಕು. ಪ್ರತಿ ಸಲ ಅಪ್ಪ ಅಮ್ಮಂದಿರೇ ಬಂದು ಸಭಾಂಗಣ ತುಂಬಿಸಲಿ ಅಂದರೆ ಎಷ್ಟು ದಿನ ನಡೀತದೆ?

ಹೋಗುವವರು ಎರಡು ವಿಷಯ ನೆನಪಿಡಿ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣ ಹತ್ತಿರವೇ ಇದೆ, ಕಾರು ಮನೆಯಲ್ಲೇ ಇರಲಿ. ಮತ್ತೆ ಹಿರಿಯರಿಗೆ ಒಂದು ಶಾಲು, ಫ್ಲಾಸ್ಕಲ್ಲಿ ಬಿಸಿ ಕಾಫಿ. ಪ್ರಸಂಗದ ಕಥೆ ಅರ್ಥ ಆಗದಿದ್ದರೆ ಗೂಗಲ್ ಬೇಡ. ಪಕ್ಕದಲ್ಲಿ ಕೂತ ಅಮ್ಮನನ್ನೇ ಕೇಳಿ.