ಮನಸ್ಸಿನ ಮಾತಿಗೆ 14416

ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿಯಾಗಿ ನಡೆದುಕೊಂಡರೆ ಸಾಕು, ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಅನ್ನುವುದು ಕರ್ನಾಟಕದ ಹಳೆಯ ಗೇಲಿ. ಈ ಗೇಲಿಗೆ ಅಂಜಿಯೇ ಎಷ್ಟೋ ಮಂದಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಆ ಮಾನಸಿಕ ಆರೋಗ್ಯ ಸಂಸ್ಥೆಯ ಗೇಟು ದಾಟುವುದಿಲ್ಲ. ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡಿದರೂ, ಊಟ ಸೇರದೆ ಸೊರಗಿದರೂ ‘ಏನೋ ಟೆನ್ಷನ್ನು’ ಎಂದು ತೇಲಿಸಿಬಿಡುತ್ತಾರೆ.

ಈ ಅಂಜಿಕೆಯ ಬೆಲೆ ಎಷ್ಟೆಂಬುದಕ್ಕೆ ಲೆಕ್ಕವಿದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆ ಯಾವುದೆಂಬುದರ ಮೇಲೆ, ಅವರಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯೇ ಇಲ್ಲದೆ ದಿನ ದೂಡುತ್ತಿದ್ದರು. ವೈದ್ಯರ ಕೊರತೆ ಒಂದು ಕಡೆ, ‘ನೋಡಿದವರು ಏನಂದಾರು’ ಅನ್ನುವ ಸಂಕೋಚ ಇನ್ನೊಂದು ಕಡೆ.

ಜನ ಆಸ್ಪತ್ರೆಗೆ ಬಾರದಿದ್ದರೆ ಆರೈಕೆಯೇ ಅವರಿದ್ದಲ್ಲಿಗೆ ಹೋಗಬೇಕು ಎಂಬ ಯೋಚನೆ ಇಲ್ಲಿ ಹೊಸದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗ ಗುರುತಿಸಿ ಮದ್ದು ಕೊಡುವ ಏರ್ಪಾಡು ಮಾಡಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿ ಪ್ರಯೋಗವೇ. ಆಗ ಹಳ್ಳಿ ತಲುಪಿದ್ದು ವೈದ್ಯರು. ಈಗ ಜೇಬಿನ ಮೊಬೈಲ್.

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ-ಮಾನಸ್’ ಸಹಾಯವಾಣಿ ಆರಂಭವಾಯಿತು. ಇದರ ಮಾರ್ಗದರ್ಶಿ ಕೇಂದ್ರ ನಿಮ್ಹಾನ್ಸ್. ತಾಂತ್ರಿಕ ಹೊಣೆ ಬೆಂಗಳೂರಿನ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕಾಸು ಖರ್ಚಿಲ್ಲ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಬೇಕಾದುದನ್ನು ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ಅವರ ಕೈಮೀರಿದ ಸಮಸ್ಯೆಯಾದರೆ ಕರೆ ಮನೋವೈದ್ಯರಿಗೆ ಹೋಗುತ್ತದೆ. 2025ರ ಮಧ್ಯದ ಹೊತ್ತಿಗೆ ಬಂದ ಕರೆಗಳು 20 ಲಕ್ಷ ದಾಟಿದ್ದವು. ಫೋನ್ ಮಾಡಿದವರು ಹೆಚ್ಚಾಗಿ ಹೇಳಿಕೊಂಡದ್ದು ಬೇಸರ, ನಿದ್ದೆಗೇಡು, ಒತ್ತಡ, ಆತಂಕ. ಗೇಲಿ ಮಾಡುವವರು ಕಲ್ಪಿಸಿಕೊಳ್ಳುವ ‘ಹುಚ್ಚು’ ಅಲ್ಲ, ಯಾರ ಮನೆಯಲ್ಲಾದರೂ ಇರುವ ಸಂಕಟಗಳು.

ಆ ಕಡೆಯವರು ಬುದ್ಧಿ ಹೇಳುತ್ತಾರೆ ಎಂದುಕೊಂಡು ಫೋನ್ ಮಾಡಿದವರಿಗೆ ಮೊದಲು ಅಚ್ಚರಿಯಾಗಬಹುದು. ‘ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ’ ಎಂದು ಸಮಾಧಾನ ಮಾಡಲು ನೆಂಟರಿಷ್ಟರೇ ಸಾಕಲ್ಲ! ಸಮಾಲೋಚಕರು ಮೊದಲು ಕೇಳಿಸಿಕೊಳ್ಳುತ್ತಾರೆ. ಯಾವಾಗಿನಿಂದ ಹೀಗೆ, ನಿದ್ದೆ ಹೇಗಿದೆ, ಕೆಲಸಕ್ಕೆ ಹೋಗಲಾಗುತ್ತಿದೆಯೇ ಎಂದು ಬಿಡಿಸಿ ಕೇಳುತ್ತಾರೆ. ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನೂ ನೇರವಾಗಿಯೇ ಕೇಳುತ್ತಾರೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂದು ಜನ ಹೆದರುತ್ತಾರೆ, ಅದು ನಿಜವಲ್ಲ. ಯಾರಿಗೂ ಹೇಳಲಾಗದೆ ಒಳಗೊಳಗೇ ಹೊತ್ತುಕೊಂಡದ್ದನ್ನು ಆಡಿಬಿಡಲು ದಾರಿ ಸಿಗುತ್ತದೆ, ಅಷ್ಟೇ.

ವಾರಕ್ಕೊಮ್ಮೆ ವೀಡಿಯೊದಲ್ಲಿ ಕೂತು ಮಾತಾಡುವ ಕೌನ್ಸೆಲಿಂಗ್‌ನ ಬಗೆ ಬೇರೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ವಿಧಾನ. ಆಫೀಸಿನಲ್ಲಿ ಮೇಲಧಿಕಾರಿ ನಮಸ್ಕಾರಕ್ಕೆ ಮರುಮಾತಾಡದೆ ಹೋದರು ಎನ್ನಿ. ‘ನನ್ನ ಕೆಲಸ ಹೋಯಿತು’ ಎಂದು ಮನಸ್ಸು ಒಂದೇ ನೆಗೆತಕ್ಕೆ ತೀರ್ಮಾನಿಸುತ್ತದೆ. ಆ ಯೋಚನೆಯನ್ನು ಬರೆದಿಟ್ಟು, ಅದಕ್ಕೆ ಆಧಾರವೇನು, ಬೇರೆ ಕಾರಣ ಇರಬಹುದೇ ಎಂದು ಪರೀಕ್ಷಿಸುವ ಅಭ್ಯಾಸವನ್ನು ಸಿಬಿಟಿ ಕಲಿಸುತ್ತದೆ. ಬರೆಯುವ, ಓದುವ, ಮನೆಪಾಠ ಮಾಡುವ ಕೆಲಸವೇ ಹೆಚ್ಚಾದ್ದರಿಂದ ಇದು ಪರದೆಗೆ ಸುಲಭವಾಗಿ ಒಗ್ಗಿತು. ಸ್ವೀಡನ್ನಿನ ಸಂಶೋಧಕರಾದ ಪೆರ್ ಕಾರ್ಲ್‌ಬ್ರಿಂಗ್, ಗೆರ್‌ಹಾರ್ಡ್ ಆಂಡರ್‌ಸನ್ ಮತ್ತು ಸಂಗಡಿಗರು 2018ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಎದುರುಬದುರು ಕೂತು ಪಡೆದ ಸಿಬಿಟಿಗೂ ಇಂಟರ್ನೆಟ್ಟಿನ ಸಿಬಿಟಿಗೂ ಪರಿಣಾಮದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಒಂದು ಮಾತು: ಅವು ಚಿಕಿತ್ಸಕರೊಬ್ಬರು ಜೊತೆಗಿದ್ದು ನಡೆಸಿದ ಸಿಬಿಟಿಗಳು. ಯಾರ ನಿಗಾವೂ ಇಲ್ಲದೆ ಆ್ಯಪ್ ಒಂದನ್ನೇ ನಂಬಿ ಹೊರಟವರು ಅರ್ಧಕ್ಕೇ ಬಿಡುವುದು ಹೆಚ್ಚು.

ದೂರದ ಊರು, ದೂರದ ದೇಶಗಳಲ್ಲಿರುವ ಕನ್ನಡಿಗರಿಗೂ ವೀಡಿಯೊ ಕೌನ್ಸೆಲಿಂಗ್ ಅನುಕೂಲ. ಇಂಗ್ಲಿಷಿನಲ್ಲಿ ಮೀಟಿಂಗು ನಡೆಸುವವರಿಗೂ ಅಮ್ಮನ ಮೇಲಿನ ಸಿಟ್ಟನ್ನು ಹೇಳಿಕೊಳ್ಳಲು ಕನ್ನಡವೇ ಬೇಕಾಗುತ್ತದೆ.

ತೊಡಕುಗಳೂ ಇವೆ. ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಬಗ್ಗೆ ಸೊಸೆ ಎಲ್ಲಿ ಕೂತು ಮಾತಾಡಬೇಕು? ಟೆರೇಸು, ನಿಲ್ಲಿಸಿದ ಕಾರು, ವಾಕಿಂಗ್ ನೆಪದ ಪಾರ್ಕು ಇವೇ ಆಸರೆ. ಹೇಳಿಕೊಂಡ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಯೇ ಎಂಬ ಅನುಮಾನವೂ ಸುಳ್ಳಲ್ಲ. ಅಮೆರಿಕದ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬೆಟರ್‌ಹೆಲ್ಪ್ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತೆಂಬ ಆರೋಪಕ್ಕೆ ಗುರಿಯಾಗಿ, 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ 78 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ದುಡ್ಡು ಕೊಟ್ಟು ಸೇವೆ ಪಡೆಯುವವರು ಸಮಾಲೋಚಕರ ಓದು, ಅನುಭವ ವಿಚಾರಿಸಲು ದಾಕ್ಷಿಣ್ಯಪಡಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆಯನ್ನೂ ಕೇಳಬಹುದು.

ಇಲ್ಲದ ದನಿಗಳು ಕೇಳುವವರಿಗೆ, ಪ್ರಾಣಕ್ಕೇ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವವರಿಗೆ ಫೋನಷ್ಟೇ ಸಾಲದು. ಅಂಥವರನ್ನು ಟೆಲಿ-ಮಾನಸ್ ಸಿಬ್ಬಂದಿ ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಅಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.